ಅಮ್ಮನ ಡಬ್ಬಿಯಲ್ಲಿ ಒಂಬತ್ತು ಗಿಡಮೂಲಿಕೆ. ಯಾವುದು ಇರಲಿ, ಯಾವುದು ಬೇಡ?

ರಾಜಾಜಿನಗರದ ಮಗಳು | ಶನಿವಾರ, ಬೆಳಿಗ್ಗೆ 7:50

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಅಮ್ಮನಿಗೆ 64 ವರ್ಷ. ಶುಗರ್, ಬಿಪಿ, ಥೈರಾಯ್ಡ್ ಮೂರೂ ಇವೆ. ಡಾಕ್ಟರ್ ಬರೆದುಕೊಟ್ಟಿರುವುದು ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಬಿಪಿಗೆ ಒಂದು ಮಾತ್ರೆ, ಥೈರಾಕ್ಸಿನ್, ಆಮೇಲೆ 75ರ ಆಸ್ಪಿರಿನ್. ಇಷ್ಟು ನನಗೆ ಗೊತ್ತಿತ್ತು.

ಮೊನ್ನೆ ಅಡುಗೆಮನೆಯ ಮೇಲಿನ ಶೆಲ್ಫ್ ಒರೆಸುವಾಗ ಹಳೇ ಬಿಸ್ಕತ್ ಡಬ್ಬಿ ಕೈಗೆ ಬಂತು. ತೆರೆದರೆ ಅದರ ತುಂಬ ಔಷಧಿ. ಅಶ್ವಗಂಧ ಕ್ಯಾಪ್ಸೂಲ್, ತಮ್ಮ ಆನ್‌ಲೈನ್‌ನಲ್ಲಿ ತರಿಸಿಕೊಟ್ಟಿದ್ದು. ಮೆಣಸಿನ ಸತ್ವ ಸೇರಿಸಿದ ಅರಿಶಿನದ ಕ್ಯಾಪ್ಸೂಲ್. ಕೊರೊನಾ ಕಾಲದಿಂದ ನಿಲ್ಲಿಸದ ಅಮೃತಬಳ್ಳಿ ರಸ. ತ್ರಿಫಲ. ಹೊಟ್ಟೆ ಕ್ಲೀನ್ ಆಗಲು ಇನ್ನೊಂದು ಚೂರ್ಣ. ಕೆಮ್ಮಿಗೆ ಜೇಷ್ಠಮಧು ಪುಡಿ. ಶುಗರ್‌ಗೆ ಮಧುನಾಶಿನಿ. ಚಿಕ್ಕಮ್ಮ ಕೊಟ್ಟ ತೂಕ ಇಳಿಸುವ ಮಾತ್ರೆ. ಕೊನೆಯದು ಒಂದು ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿದ ಕಂದು ಬಣ್ಣದ ಪುಡಿ. ಅದಕ್ಕೆ ಹೆಸರೇ ಇಲ್ಲ. ದೇವಸ್ಥಾನದ ಹತ್ತಿರ ಒಬ್ಬರು ಬಂದು ಮಂಡಿ ನೋವಿಗೆ ಅಂತ ಕೊಟ್ಟು ಹೋಗುತ್ತಾರಂತೆ.

ಆ ಪುಡಿ ತಿಂದ ಎರಡೇ ದಿನಕ್ಕೆ ಅಮ್ಮ ಮೆಟ್ಟಿಲು ಹತ್ತಿದರು. ನಮಗೆಲ್ಲ ಖುಷಿಯೋ ಖುಷಿ. ಐದು ತಿಂಗಳಾಯಿತು. ಈಗ ಮುಖ ದುಂಡಗಾಗಿದೆ. ಖಾಲಿ ಹೊಟ್ಟೆ ಶುಗರ್ 130ರ ಆಸುಪಾಸು ಇರುತ್ತಿತ್ತು, ಈಗ 210 ದಾಟಿದೆ. ಡಾಕ್ಟರ್ ಮಾತ್ರೆ ಜಾಸ್ತಿ ಮಾಡಿದರು. ಡಬ್ಬಿಯ ವಿಷಯ ಅವರಿಗೆ ಗೊತ್ತೇ ಇಲ್ಲ. ಕೇಳಿದರೆ ಅಮ್ಮ, "ಅದು ಔಷಧಿ ಅಲ್ಲಮ್ಮ, ನಾರುಬೇರು" ಅನ್ನುತ್ತಾರೆ.

ಎಲ್ಲವನ್ನೂ ಇವತ್ತೇ ಎಸೆದುಬಿಡಲಾ?

ಹಳೇ ಮೆಡಿಕಲ್ ಸ್ಟೋರ್ | ಶನಿವಾರ, ಬೆಳಿಗ್ಗೆ 8:25

ಮೇಡಂ, ಬಸವನಗುಡಿಯಲ್ಲಿ 31 ವರ್ಷ ಔಷಧಿ ಅಂಗಡಿ ನಡೆಸಿದವನು ನಾನು. ಮೊದಲು ಒಂದು ಮಾತು. ಆ ಹೆಸರಿಲ್ಲದ ಪುಡಿಯನ್ನು ಎಸೆಯಬೇಡಿ. ಅಮ್ಮನಿಗೆ ಅದನ್ನು ನಿಮ್ಮಷ್ಟಕ್ಕೆ ಇವತ್ತೇ ನಿಲ್ಲಿಸಲೂ ಬೇಡಿ. ಪುಡಿ ಸಮೇತ ಇವತ್ತೇ ಡಾಕ್ಟರ್ ಹತ್ತಿರ ಹೋಗಿ.

ಯಾಕೆ ಅಂತ ಹೇಳುತ್ತೇನೆ. ಮಂಡಿ ಸವೆದ ನೋವು ಬೇರು, ತೊಗಟೆಯಿಂದ ಎರಡು ದಿನಕ್ಕೆ ಹೋಗುವುದಿಲ್ಲ. ಹೋಯಿತು ಅಂದರೆ ಅದರಲ್ಲಿ ಬೇರೆ ಏನೋ ಬೆರೆಸಿದ್ದಾರೆ ಅಂತ ಅನುಮಾನ ಪಡಬೇಕು. ಸಾಮಾನ್ಯವಾಗಿ ಬೆರೆಸುವುದು ಡೆಕ್ಸಾಮೆಥಾಸೋನ್ ಅಥವಾ ಪ್ರೆಡ್ನಿಸೊಲೋನ್, ಅಂದರೆ ಸ್ಟೀರಾಯ್ಡ್. ಕೆಲವರು ಡೈಕ್ಲೋಫೆನಾಕ್ ಬೆರೆಸುತ್ತಾರೆ. ಮುಖ ಊದುವುದು, ಶುಗರ್ ಏರುವುದು, ಹಸಿವು ಜಾಸ್ತಿಯಾಗುವುದು, ಚರ್ಮ ತೆಳುವಾಗಿ ಸುಮ್ನೆ ತಾಗಿದರೂ ನೀಲಿಗಟ್ಟುವುದು, ಎಲ್ಲ ಸ್ಟೀರಾಯ್ಡ್ ಲಕ್ಷಣ.

ತಿಂಗಳುಗಟ್ಟಲೆ ಹೊರಗಿನಿಂದ ಸ್ಟೀರಾಯ್ಡ್ ಬಂದರೆ ಕಿಡ್ನಿ ಮೇಲಿರುವ ಅಡ್ರಿನಲ್ ಗ್ರಂಥಿ ತನ್ನ ಕೆಲಸ ನಿಲ್ಲಿಸುತ್ತದೆ. ದೇಹಕ್ಕೆ ಬೇಕಾದ ಕಾರ್ಟಿಸಾಲ್ ಅದು ತಯಾರಿಸುವುದಿಲ್ಲ. ಆಗ ಪುಡಿ ಒಮ್ಮೆಲೇ ನಿಂತರೆ ಬಿಪಿ ಇಳಿದು, ವಾಂತಿ ಆಗಿ, ಪ್ರಜ್ಞೆ ತಪ್ಪಬಹುದು. ಜ್ವರ ಬಂದಾಗಲಂತೂ ಜೀವಕ್ಕೇ ಅಪಾಯ. ಅದಕ್ಕೇ ಡಾಕ್ಟರ್ ಬೆಳಗಿನ ಹೊತ್ತು ರಕ್ತದ ಕಾರ್ಟಿಸಾಲ್ ನೋಡುತ್ತಾರೆ. ಬೇಕಾದರೆ ಅಳತೆ ಗೊತ್ತಿರುವ ಸ್ಟೀರಾಯ್ಡ್ ಮಾತ್ರೆ ಕೊಟ್ಟು, ವಾರ ವಾರ ಕಡಿಮೆ ಮಾಡುತ್ತಾ ಬಿಡಿಸುತ್ತಾರೆ.

ನನ್ನ ಅಂಗಡಿಗೆ ಇಂಥ ಪುಡಿ ಹಿಡಿದು ಬಂದು "ಇದೇ ಬೇಕು" ಅಂದವರನ್ನು ತುಂಬ ನೋಡಿದ್ದೇನೆ. ಅವರಲ್ಲಿ ಜಾಸ್ತಿ ಜನ ಮನೆಯಲ್ಲೇ ಕೆಲಸ ಮಾಡಿ ಮಂಡಿ ಸವೆಸಿಕೊಂಡ ಹೆಂಗಸರು.

ರಾಜಾಜಿನಗರದ ಮಗಳು | ಶನಿವಾರ, ಬೆಳಿಗ್ಗೆ 8:40

ಸರ್, ಓದಿ ಕೈ ನಡುಗಿತು. ಹನ್ನೊಂದು ಗಂಟೆಗೆ ಡಾಕ್ಟರ್ ಸಿಗುತ್ತಾರೆ. ಡಬ್ಬಿ ಸಮೇತ ಹೊರಟಿದ್ದೇವೆ. ಉಳಿದ ಎಂಟರ ಬಗ್ಗೆ ಗೊತ್ತಿರುವವರು ಬರೆಯಿರಿ, ಬಂದು ಓದುತ್ತೇನೆ.

ಗಿರಿನಗರ ರಾಯರು | ಶನಿವಾರ, ಬೆಳಿಗ್ಗೆ 9:30

ಆ ಪುಡಿ ಮಾರಿದವನು ಕಳ್ಳ. ಒಪ್ಪುತ್ತೇನೆ. ಆದರೆ ಒಬ್ಬ ಕಳ್ಳನಿಗಾಗಿ ಅಮೃತಬಳ್ಳಿ, ತ್ರಿಫಲ ಎಲ್ಲವನ್ನೂ ಅನುಮಾನದಿಂದ ನೋಡುವುದು ನನಗೆ ಸರಿ ಕಾಣುವುದಿಲ್ಲ. ನಮ್ಮ ಅಜ್ಜಿ 92 ವರ್ಷ ಬದುಕಿದರು. ಶೀತಕ್ಕೆ ತುಳಸಿ ಕಷಾಯ, ಕಾಮಾಲೆಗೆ ನೆಲನೆಲ್ಲಿ, ಬಾಣಂತಿಗೆ ಲೇಹ್ಯ. ಇಂಗ್ಲಿಷ್ ಮಾತ್ರೆಗೆ ಸೈಡ್ ಎಫೆಕ್ಟ್ ಇಲ್ವಾ? ನಾವು ತಲೆಮಾರುಗಳಿಂದ ತಿಂದು ಬಂದದ್ದನ್ನು ಇವತ್ತು ವಿಷ ಅಂದರೆ ಮನಸ್ಸಿಗೆ ನೋವಾಗುತ್ತದೆ.

ವಿಜಯನಗರದ ವೈದ್ಯೆ | ಶನಿವಾರ, ಮಧ್ಯಾಹ್ನ 1:15

ರಾಯರೇ, ನಾನು ಆಯುರ್ವೇದ ಓದಿದವಳು, ಅದರಲ್ಲೇ ರೋಗಿಗಳನ್ನು ನೋಡುತ್ತೇನೆ. ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ನಿಮ್ಮ ಅಜ್ಜಿ ಕಷಾಯ ಕುಡಿದದ್ದು ಶೀತ ಇದ್ದ ಮೂರು ದಿನ. ಅವರು ಅದರ ಜೊತೆ ಗ್ಲಿಮೆಪಿರೈಡ್, ಆಸ್ಪಿರಿನ್, ಥೈರಾಕ್ಸಿನ್ ನುಂಗುತ್ತಿರಲಿಲ್ಲ. ಇವತ್ತಿನ ಕ್ಯಾಪ್ಸೂಲ್ ಅಜ್ಜಿಯ ಚಿಟಿಕೆ ಪುಡಿಯೂ ಅಲ್ಲ. ಎಷ್ಟೋ ಪಟ್ಟು ಗಟ್ಟಿ ಮಾಡಿದ ಸತ್ವ. ಅದನ್ನು ವರ್ಷಗಟ್ಟಲೆ ದಿನಾ ತಿನ್ನುತ್ತಿದ್ದೇವೆ. ಅಜ್ಜಿಗೆ ಆಗಿಬಂದ ಲೆಕ್ಕ ಇದಕ್ಕೆ ನಡೆಯುವುದಿಲ್ಲ.

ಈಗ ಡಬ್ಬಿಗೆ ಬರುತ್ತೇನೆ.

ಮಧುನಾಶಿನಿ ನಿಜವಾಗಿಯೂ ಸಕ್ಕರೆ ಇಳಿಸುತ್ತದೆ. ತೊಂದರೆ ಇರುವುದೂ ಅಲ್ಲೇ. ಗ್ಲಿಮೆಪಿರೈಡ್ ಕೂಡ ಇಳಿಸುತ್ತದೆ. ಎರಡೂ ಸೇರಿ, ಊಟ ತಡವಾದರೆ, ಶುಗರ್ ಕೆಳಗೆ ಬಿದ್ದು ಬೆವರಿ ನಡುಗಬಹುದು. ಇವತ್ತು ಸ್ಟೀರಾಯ್ಡ್ ಶುಗರ್ ಏರಿಸಿದೆ, ಅದಕ್ಕೆ ಮಾತ್ರೆ ಜಾಸ್ತಿ ಆಗಿದೆ. ಸ್ಟೀರಾಯ್ಡ್ ಕಡಿಮೆ ಮಾಡುತ್ತಾ ಹೋದಾಗ ಇದೇ ಮಾತ್ರೆಯ ಅಳತೆ ಬೇಕಾದ್ದಕ್ಕಿಂತ ಹೆಚ್ಚಾಗುತ್ತದೆ. ಆ ವಾರಗಳಲ್ಲಿ ಮನೆಯಲ್ಲೇ ದಿನಕ್ಕೆರಡು ಸಲ ಶುಗರ್ ನೋಡಿ. ಇದನ್ನು ಮರೆಯಲೇಬೇಡಿ.

ಜೇಷ್ಠಮಧು ಕೆಮ್ಮಿಗೆ ಒಳ್ಳೆಯದು, ನಾಲ್ಕು ದಿನಕ್ಕೆ. ಅದರಲ್ಲಿರುವ ಗ್ಲಿಸಿರೈಜಿನ್ ಮೈಯಲ್ಲಿ ಉಪ್ಪು ನೀರು ಹಿಡಿದಿಡುತ್ತದೆ, ಪೊಟ್ಯಾಸಿಯಂ ಹೊರಹಾಕುತ್ತದೆ, ಬಿಪಿ ಏರಿಸುತ್ತದೆ. ಬಿಪಿ ಇರುವವರು ದಿನಾ ಹಾಲಿಗೆ ಹಾಕಿ ಕುಡಿಯುವಂಥದ್ದಲ್ಲ.

ಆ ಹೊಟ್ಟೆಯ ಚೂರ್ಣದ ಹಿಂದೆ ಸೋನಾಮುಖಿ ಅಂತ ಇದೆಯಾ ನೋಡಿ. ಇದ್ದರೆ ದಿನಾ ಬೇಡ. ಅದೂ ಪೊಟ್ಯಾಸಿಯಂ ಕಳೆಯುತ್ತದೆ, ಕರುಳಿಗೆ ಅದೇ ಅಭ್ಯಾಸ ಆಗುತ್ತದೆ. ಅದರ ಬದಲು ಇಸಬಗೋಲು ಹೊಟ್ಟು ಸಾಕು, ಚೆನ್ನಾಗಿ ನೀರು ಕುಡಿಯಬೇಕು. ಅದನ್ನು ಥೈರಾಕ್ಸಿನ್ ಜೊತೆ ಮಾತ್ರ ತೆಗೆದುಕೊಳ್ಳಬಾರದು. ಬೆಳಿಗ್ಗೆ ಥೈರಾಯ್ಡ್ ಮಾತ್ರೆ, ರಾತ್ರಿ ಇಸಬಗೋಲು.

ಅರಿಶಿನದ ಕ್ಯಾಪ್ಸೂಲ್ ಬಗ್ಗೆ ಒಂದು ವಿಷಯ. ಅರಿಶಿನದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಕಷ್ಟ. ಮೆಣಸಿನ ಪೈಪರಿನ್ ಸೇರಿಸಿದರೆ ಸೇರುತ್ತದೆ ಅಂತ 1998ರಲ್ಲಿ ತೋರಿಸಿದವರು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು. 2 ಗ್ರಾಂ ಕರ್ಕ್ಯುಮಿನ್‌ಗೆ 20 ಮಿಲಿಗ್ರಾಂ ಪೈಪರಿನ್ ಸೇರಿಸಿದಾಗ, ಹೀರಿಕೆ ಶೇಕಡಾ 2000ದಷ್ಟು ಏರಿತು. ಪ್ರಪಂಚದ ಎಷ್ಟೋ ಕಂಪನಿಗಳು ಇವತ್ತು ಇದನ್ನೇ ನೆಚ್ಚಿಕೊಂಡಿವೆ. ಆದರೆ ಪೈಪರಿನ್ ಅರಿಶಿನಕ್ಕೆ ಮಾತ್ರ ಬಾಗಿಲು ತೆರೆಯುವುದಿಲ್ಲ. ಬೇರೆ ಮಾತ್ರೆಗಳೂ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುವಂತೆ ಮಾಡಬಹುದು. ಇಂಥ ಕ್ಯಾಪ್ಸೂಲ್‌ನಿಂದ ಲಿವರ್ ಊದಿದವರ ವರದಿ ಇಟಲಿ, ಅಮೆರಿಕ ಎರಡೂ ಕಡೆ ಬಂದಿವೆ. ಆಸ್ಪಿರಿನ್ ಜೊತೆ ರಕ್ತಸ್ರಾವದ ಭಯವೂ ಇದೆ. ಸಾರಿಗೆ ಹಾಕುವ ಅರಿಶಿನಕ್ಕೆ ಇದ್ಯಾವುದೂ ಅನ್ವಯಿಸುವುದಿಲ್ಲ, ಧೈರ್ಯವಾಗಿ ಹಾಕಿ.

ತ್ರಿಫಲ ಇರಲಿ, ಕಡಿಮೆ ಅಳತೆಯಲ್ಲಿ.

ಎಚ್‌ಎಸ್‌ಆರ್ ಲೇಔಟ್ ಹುಡುಗ | ಶನಿವಾರ, ಮಧ್ಯಾಹ್ನ 2:05

ಮೇಡಂ, ಅಶ್ವಗಂಧದ ಬಗ್ಗೆ ಬರೆಯಲಿಲ್ಲ. ನನಗೆ 27. ಜಿಮ್‌ಗೆ ಹೋಗುತ್ತೇನೆ, ರಾತ್ರಿ ಶಿಫ್ಟ್ ಕೆಲಸ. ಒಂದೂವರೆ ವರ್ಷದಿಂದ ದಿನಾ 600 ಮಿಲಿಗ್ರಾಂ ಸತ್ವ ತಗೋತಾ ಇದ್ದೀನಿ. ನಿದ್ದೆ ಚೆನ್ನಾಗಿ ಬರುತ್ತದೆ. ಹೀಗೇ ಮುಂದುವರಿಸಬಹುದಾ?

ವಿಜಯನಗರದ ವೈದ್ಯೆ | ಶನಿವಾರ, ಮಧ್ಯಾಹ್ನ 2:50

ನಿದ್ದೆ, ಒತ್ತಡ ಎರಡಕ್ಕೂ ಅದು ಸ್ವಲ್ಪ ಮಟ್ಟಿಗೆ ಕೆಲಸ ಮಾಡುತ್ತದೆ ಅನ್ನಲು ಪರೀಕ್ಷೆಗಳಿವೆ. ಆದರೆ ಅವು ಹೆಚ್ಚಾಗಿ ಎರಡು ಮೂರು ತಿಂಗಳವು. ಒಂದೂವರೆ ವರ್ಷ ದಿನಾ ತಿಂದರೆ ಏನು ಅಂತ ಯಾರೂ ಸರಿಯಾಗಿ ನೋಡಿಲ್ಲ. ಅಶ್ವಗಂಧದಿಂದಲೂ ಲಿವರ್ ತೊಂದರೆ ಆದ ವರದಿಗಳಿವೆ. 2023ರಲ್ಲಿ ಡೆನ್ಮಾರ್ಕ್ ಅದನ್ನು ನಿಷೇಧಿಸಿತು. ನಮ್ಮಲ್ಲಿ ನಿಷೇಧ ಇಲ್ಲ, ಆದರೆ 2021ರಲ್ಲಿ ಆಯುಷ್ ಸಚಿವಾಲಯವು ಎಲೆ ಬಳಸಬೇಡಿ ಅಂತ ತಯಾರಕರಿಗೆ ಸೂಚಿಸಿತು. ಔಷಧಿ ಇರುವುದು ಬೇರಿನಲ್ಲಿ. ಎಲೆ ಅಗ್ಗ, ಲ್ಯಾಬ್‌ನಲ್ಲಿ ಅಳೆಯುವ ವಿಥನೊಲೈಡ್ ಅನ್ನುವ ಅಂಶ ಅದರಲ್ಲೂ ಇರುವುದರಿಂದ ಲೆಕ್ಕಕ್ಕೆ ಹೊಂದುತ್ತದೆ. ನಿಮ್ಮ ಬಾಟಲಿ ಹಿಂದೆ "ಬೇರು" ಅಂತ ಬರೆದಿದೆಯಾ ನೋಡಿ.

ಈಗ ನಿಲ್ಲಿಸಿ, ಒಂದು ಲಿವರ್ ಪರೀಕ್ಷೆ, ಒಂದು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಅದು ಥೈರಾಯ್ಡ್ ಹಾರ್ಮೋನ್ ಏರಿಸಬಹುದು. ಅಮ್ಮ ಥೈರಾಕ್ಸಿನ್ ತಗೊಳ್ಳುತ್ತಿರುವುದರಿಂದ ಅವರಿಗೂ ಬೇಡ ಅನ್ನುವುದು ಇದೇ ಕಾರಣಕ್ಕೆ. ಗರ್ಭಿಣಿಯರಿಗಂತೂ ಬೇಡವೇ ಬೇಡ.

ರಾತ್ರಿ ಶಿಫ್ಟ್ ಮಾಡುವವರಿಗೆ ನಿದ್ದೆ ಕೆಡುವುದು ಸಹಜ. ಬೆಳಕು ಬರದ ಕೋಣೆ, ದಿನಾ ಅದೇ ಹೊತ್ತಿಗೆ ಮಲಗುವುದು. ಇವನ್ನು ಒಂದು ತಿಂಗಳು ಮಾಡಿ ನೋಡಿ.

ಪೀಣ್ಯ ಲ್ಯಾಬ್ | ಶನಿವಾರ, ಸಂಜೆ 6:20

ನಾನು ಪೀಣ್ಯದಲ್ಲಿ ಗಿಡಮೂಲಿಕೆ ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಯಾವ ಗಿಡ ಒಳ್ಳೆಯದು ಅಂತ ಹೇಳುವ ಅರ್ಹತೆ ನನಗಿಲ್ಲ. ಬಾಟಲಿಯೊಳಗೆ ಬರೆದದ್ದೇ ಇದೆಯಾ ಅಂತ ನೋಡುವುದು ನನ್ನ ದಿನದ ಕೆಲಸ. ಅದರ ಬಗ್ಗೆ ಹೇಳುತ್ತೇನೆ.

ಬೇರು ಇಡಿಯಾಗಿ ಬಂದರೆ ಕಣ್ಣು, ಮೂಗಿಗೇ ಅರ್ಧ ಗೊತ್ತಾಗುತ್ತದೆ. ಪುಡಿ ಬಂದರೆ ಸೂಕ್ಷ್ಮದರ್ಶಕದಡಿ ಇಡುತ್ತೇವೆ. ಪಿಷ್ಟದ ಕಣಗಳ ಆಕಾರ, ನಾರು, ಹರಳು, ಪ್ರತಿ ಗಿಡಕ್ಕೂ ಬೇರೆ. ಸತ್ವ ಬಂದರೆ ಕಷ್ಟ, ಅದರಲ್ಲಿ ಜೀವಕೋಶವೇ ಉಳಿದಿರುವುದಿಲ್ಲ. ಆಗ ಎಚ್‌ಪಿಟಿಎಲ್‌ಸಿ ಅನ್ನುವ ವಿಧಾನದಲ್ಲಿ ತಟ್ಟೆಯ ಮೇಲೆ ಪಟ್ಟಿಗಳನ್ನು ಎಬ್ಬಿಸಿ, ಅಸಲಿ ಗಿಡದ ಪಟ್ಟಿಗಳ ಜೊತೆ ಹೋಲಿಸುತ್ತೇವೆ. ಬೆರಳಚ್ಚು ಹೋಲಿಸಿದ ಹಾಗೆ.

ನಾನು ನೋಡುವ ಮೋಸಗಳಲ್ಲಿ ನನಗೆ ಜಾಸ್ತಿ ಸಿಟ್ಟು ಬರುವುದು ಹಿಪ್ಪೆಯದ್ದು. ಬೇರಿನಿಂದ ಸತ್ವ ತೆಗೆದು ಒಬ್ಬರಿಗೆ ಮಾರುತ್ತಾರೆ. ಉಳಿದ ಹಿಪ್ಪೆಯನ್ನು ಒಣಗಿಸಿ, ಪುಡಿ ಮಾಡಿ, ಚೂರ್ಣ ಅಂತ ಇನ್ನೊಬ್ಬರಿಗೆ ಮಾರುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಅದು ಅಸಲಿ ಬೇರೇ. ಒಳಗೆ ಔಷಧಿ ಮಾತ್ರ ಇಲ್ಲ. ಸತ್ವದ ಅಳತೆ ಮಾಡಿದಾಗಲೇ ಸಿಕ್ಕಿಬೀಳುವುದು. ಇನ್ನೊಂದು, ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ತಯಾರಿಸಿದ ಕರ್ಕ್ಯುಮಿನ್. ಗಿಡದ್ದರಲ್ಲಿ ಮೂರು ಬಗೆಯ ಕರ್ಕ್ಯುಮಿನಾಯ್ಡ್‌ಗಳು ಒಟ್ಟಿಗೆ ಇರುತ್ತವೆ. ಒಂದೇ ಒಂದು ಶುದ್ಧವಾಗಿ ಎದ್ದು ನಿಂತರೆ ನಮಗೆ ಅನುಮಾನ.

ಆಮೇಲೆ ಲೋಹಗಳು. ಗಿಡಮೂಲಿಕೆಗೆ ನಮ್ಮ ದೇಶದಲ್ಲಿ ಮಿತಿ ಇದೆ. ಸೀಸ 10 ಪಿಪಿಎಂ (ಅಂದರೆ ಹತ್ತು ಲಕ್ಷ ಭಾಗದಲ್ಲಿ 10), ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3. ಇದರ ಜೊತೆ ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್, ಕೀಟನಾಶಕ, ಬ್ಯಾಕ್ಟೀರಿಯಾ ನೋಡಬೇಕು. ಮಳೆಗಾಲದಲ್ಲಿ ಸರಿಯಾಗಿ ಒಣಗದ ಬೇರು ಗೋಣಿಚೀಲದಲ್ಲಿ ಬಂದು ಗೋಡೌನ್‌ನಲ್ಲಿ ಕೂತರೆ ಬೂಷ್ಟು ಹಿಡಿಯುತ್ತದೆ. ಪುಡಿ ಮಾಡಿದ ಮೇಲೆ ಅದು ನಿಮ್ಮ ಕಣ್ಣಿಗೆ ಕಾಣುವುದಿಲ್ಲ.

ಕೊಳ್ಳುವವರು ಮಾಡಬಹುದಾದದ್ದು ಒಂದಿದೆ. ಬ್ಯಾಚ್ ನಂಬರ್ ಕೊಟ್ಟು, "ಇದೇ ಬ್ಯಾಚಿನ ಪರೀಕ್ಷಾ ವರದಿ ಕಳಿಸಿ" ಅಂತ ಕಂಪನಿಗೆ ಮೇಲ್ ಹಾಕಿ. ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಲ್‌ನ ಮಾನ್ಯತೆ ಇರುವ ಲ್ಯಾಬ್‌ನದ್ದಾ ನೋಡಿ. ಕೊಡುವ ಕಂಪನಿಗಳಿವೆ. ಉತ್ತರವೇ ಬರದಿದ್ದರೆ ನಾನಾದರೆ ಅವರ ಸಾಮಾನು ಮತ್ತೆ ಕೊಳ್ಳುವುದಿಲ್ಲ.

ಹೆಬ್ಬಾಳದಿಂದ | ಶನಿವಾರ, ರಾತ್ರಿ 8:45

ಸೀಸದ ವಿಷಯ ಬಂತು, ಹಾಗಾಗಿ ಬರೆಯುತ್ತಿದ್ದೇನೆ. ನಮ್ಮ ದೊಡ್ಡಪ್ಪ ಯಾತ್ರೆಗೆ ಹೋದಾಗ ಶುಗರ್‌ಗೆ ಅಂತ ಕಪ್ಪು ಗುಳಿಗೆ ತಂದರು. ಆರು ತಿಂಗಳು ತಿಂದರು. ಆಮೇಲೆ ಹೊಟ್ಟೆ ನೋವು ಶುರುವಾಯಿತು. ಎಂಥ ನೋವು ಅಂದರೆ ರಾತ್ರಿಯೆಲ್ಲ ಮಂಡಿ ಮಡಚಿ ಕೂರುತ್ತಿದ್ದರು. ಮಲಬದ್ಧತೆ. ಹಿಮೋಗ್ಲೋಬಿನ್ 8ಕ್ಕೆ ಇಳಿಯಿತು. ಎಂಡೋಸ್ಕೋಪಿ, ಸಿಟಿ ಸ್ಕ್ಯಾನ್ ಎಲ್ಲ ಆಯಿತು, ಏನೂ ಸಿಗಲಿಲ್ಲ. ಗ್ಯಾಸ್ಟ್ರಿಕ್ ಅಂದರು, ಮನಸ್ಸಿನದು ಅಂದರು. ದೊಡ್ಡಪ್ಪ ಅತ್ತದ್ದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ.

ಕೊನೆಗೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್, "ಬೇರೆ ಏನಾದರೂ ತಗೋತೀರಾ ಯಜಮಾನ್ರೇ? ನಾಟಿ ಔಷಧಿ, ಗುಳಿಗೆ?" ಅಂತ ಕೇಳಿದರು. ಅಷ್ಟು ತಿಂಗಳಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ. ರಕ್ತದ ಸೀಸ ಪರೀಕ್ಷೆ ಮಾಡಿಸಿದರು. ಡೆಸಿಲೀಟರ್‌ಗೆ 5 ಮೈಕ್ರೋಗ್ರಾಂ ಇದ್ದರೇ ಎಲ್ಲಿಂದ ಬಂತು ಅಂತ ಹುಡುಕಬೇಕಂತೆ. ದೊಡ್ಡಪ್ಪನದು 70ರ ಮೇಲೆ ಇತ್ತು. ಸೀಸ ಹೊರಗೆ ತೆಗೆಯುವ ಔಷಧಿ ಕೊಟ್ಟರು. ನೋವು ಹೋಯಿತು. ಕೈ ಬೆರಳಿನ ಜೋಮು ಇನ್ನೂ ಪೂರ್ತಿ ಹೋಗಿಲ್ಲ.

ಬೆಂಗಳೂರಿನಲ್ಲಿ ಸೀಸದ ಬಗ್ಗೆ ಕೆಲಸ ಮಾಡುವ ರಾಷ್ಟ್ರೀಯ ಕೇಂದ್ರವೇ ಇದೆ, ಸೇಂಟ್ ಜಾನ್ಸ್‌ನಲ್ಲಿ. ಡಾ. ತುಪ್ಪಿಲ್ ವೆಂಕಟೇಶ್ ಅವರು ಕಟ್ಟಿದ್ದು. ನಮಗೆ ಇದೆಲ್ಲ ಗೊತ್ತಾಗಿದ್ದು ಆಮೇಲೆ.

ಪೀಣ್ಯ ಲ್ಯಾಬ್ | ಶನಿವಾರ, ರಾತ್ರಿ 9:10

ಓದಿ ಬೇಸರವಾಯಿತು. ಇದು ಅಪರೂಪ ಅಂದುಕೊಳ್ಳಬೇಡಿ. 2004ರಲ್ಲಿ ಅಮೆರಿಕದ ಬಾಸ್ಟನ್ ಸುತ್ತಲಿನ ಅಂಗಡಿಗಳಿಂದ ಕೊಂಡ 70 ಆಯುರ್ವೇದ ಉತ್ಪನ್ನಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. 2008ರಲ್ಲಿ ಇಂಟರ್‌ನೆಟ್‌ನಲ್ಲಿ ಕೊಂಡ 193ರಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ಸಿಕ್ಕಿತು. ಆ ಸಲ ಅಮೆರಿಕದಲ್ಲೇ ತಯಾರಾದವೂ ಅದರಲ್ಲಿದ್ದವು.

ವಿಜಯನಗರದ ವೈದ್ಯೆ | ಶನಿವಾರ, ರಾತ್ರಿ 9:40

ಭಸ್ಮ, ರಸೌಷಧಿಗಳಲ್ಲಿ ಲೋಹ ಬೇಕೆಂದೇ ಇರುತ್ತದೆ. ಅವಕ್ಕೆ ಶೋಧನೆ (ಶುದ್ಧ ಮಾಡುವುದು), ಮಾರಣ (ಸುಟ್ಟು ಭಸ್ಮ ಮಾಡುವುದು) ಅಂತ ಕ್ರಮಗಳಿವೆ. ಕಾಯಿಲೆ, ವಯಸ್ಸು, ಕಿಡ್ನಿ ನೋಡಿ ಎಣಿಸಿದ ದಿನಗಳಿಗೆ ಕೊಡಬೇಕು. ಯಾತ್ರೆಯ ಬೀದಿಯಲ್ಲಿ ಕೊಳ್ಳುವ ಸಾಮಾನಲ್ಲ ಅದು. ನಾನಂತೂ ಶುಗರ್ ಇರುವ ವಯಸ್ಸಾದವರಿಗೆ ಅವನ್ನು ಕೊಡುವುದಿಲ್ಲ.

ಗಿರಿನಗರ ರಾಯರು | ಭಾನುವಾರ, ಬೆಳಿಗ್ಗೆ 6:30

ರಾತ್ರಿ ಎಲ್ಲ ಓದಿದೆ. ನನ್ನ ಪ್ರಶ್ನೆ ಬೇರೆ. ನೆನಪಿನ ಶಕ್ತಿಗೆ ಅಂತ ಬ್ರಾಹ್ಮಿ ಮಾತ್ರೆ ತಗೋತೇನೆ. ಮನೆಯ ಕುಂಡದಲ್ಲೂ ಬ್ರಾಹ್ಮಿ ಇದೆ, ತಂಬುಳಿ ಮಾಡುತ್ತೇವೆ. ಬಾಟಲಿ ಮೇಲಿನ ಚಿತ್ರದ ಎಲೆಯೂ ಕುಂಡದ ಎಲೆಯೂ ಒಂದೇ ತರ ಇಲ್ಲ. ಯಾವುದು ಸುಳ್ಳು?

ಯಲಹಂಕದ ಗಿಡದವನು | ಭಾನುವಾರ, ಬೆಳಿಗ್ಗೆ 8:00

ರಾಯರೇ, ಎರಡೂ ಸುಳ್ಳಲ್ಲ. ನಿಮ್ಮ ಕುಂಡದಲ್ಲಿ ಇರುವುದು ಒಂದೆಲಗ, ದುಂಡು ಎಲೆಯದ್ದು. ಮಾತ್ರೆಯದು ನೀರು ಬ್ರಾಹ್ಮಿ, ಚಿಕ್ಕ ದಪ್ಪ ಎಲೆ, ಗದ್ದೆ ಬದಿಯಲ್ಲಿ ಹಬ್ಬುತ್ತದೆ. ಎರಡೂ ಬೇರೆ ಬೇರೆ ಕುಟುಂಬದ ಗಿಡ. ನಮ್ಮ ಕಡೆ ಎರಡನ್ನೂ ಬ್ರಾಹ್ಮಿ ಅನ್ನುತ್ತಾರೆ.

ಹೆಸರಿನ ಈ ಗೊಂದಲ ದೊಡ್ಡದು. ಶಂಖಪುಷ್ಪಿ ಅಂತ ಕೇಳಿದರೆ ಒಬ್ಬರು ವಿಷ್ಣುಕ್ರಾಂತಿ ಕೊಡುತ್ತಾರೆ, ಇನ್ನೊಬ್ಬರು ಬೇಲಿಯ ನೀಲಿ ಶಂಖಪುಷ್ಪ ಕೊಡುತ್ತಾರೆ. ಉತ್ತರ ಭಾರತದವರದ್ದು ಮೂರನೆಯ ಗಿಡ. ಅಂದಹಾಗೆ, ಮೂರ್ಛೆರೋಗಕ್ಕೆ ಫೆನಿಟಾಯಿನ್ ತಗೊಳ್ಳುವವರು ಶಂಖಪುಷ್ಪಿ ಸಿರಪ್ ಕುಡಿದರೆ ಆ ಮಾತ್ರೆಯ ಬಲ ಕಡಿಮೆಯಾಗಿ ಮತ್ತೆ ಫಿಟ್ಸ್ ಬಂದದ್ದಿದೆ. ಪರೀಕ್ಷೆ ಹತ್ತಿರ ಬಂತು ಅಂತ ಮಕ್ಕಳಿಗೆ ಆ ಸಿರಪ್ ಕೊಡುವ ಮನೆಗಳು ಇದನ್ನು ತಿಳಿದಿರಬೇಕು.

ನನಗೆ ಎಲ್ಲಕ್ಕಿಂತ ದುಃಖ ಕೊಡುವುದು ಅಶೋಕ. ಹೆಂಗಸರ ಮುಟ್ಟಿನ ತೊಂದರೆಗೆ ಅದರ ತೊಗಟೆ ಬಳಸುತ್ತಾರೆ. ನಮ್ಮ ಲೇಔಟ್‌ಗಳಲ್ಲಿ, ಕಾಂಪೌಂಡ್ ಪಕ್ಕ ಕಂಬದ ಹಾಗೆ ನೆಟ್ಟಗೆ ನಿಂತ ಮರ ಇದೆಯಲ್ಲ, ಜನ ಅದನ್ನೂ ಅಶೋಕ ಅನ್ನುತ್ತಾರೆ. ಅದು ಕಂಬದ ಮರ. ಅಸಲಿ ಸೀತಾಶೋಕಕ್ಕೆ ಕಿತ್ತಳೆ ಹೂವಿನ ಗೊಂಚಲು. ಕಾಡಿನಲ್ಲಿ ಅದು ಅಪರೂಪ ಆಗುತ್ತಾ ಬಂತು, ಮಾರುಕಟ್ಟೆಗೆ ಕಂಬದ ಮರದ ತೊಗಟೆ ಬಂತು. ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಸಂಶೋಧಕರು ಅಂಗಡಿಗಳಿಂದ ತಂದ ಅಶೋಕ ತೊಗಟೆಯ ಡಿಎನ್‌ಎ ನೋಡಿದಾಗ ಹೆಚ್ಚಿನವು ಅಶೋಕವೇ ಆಗಿರಲಿಲ್ಲ.

ಗಿಡದ ಗುರುತು ಬೇಕಾದವರು ಯಲಹಂಕ ಹತ್ತಿರ ಜಾರಕಬಂಡೆ ಕಾವಲ್‌ನಲ್ಲಿರುವ ಎಫ್‌ಆರ್‌ಎಲ್‌ಎಚ್‌ಟಿ ಅನ್ನುವ ಸಂಸ್ಥೆಗೆ ಹೋಗಿ. 1993ರಲ್ಲಿ ಶುರುವಾದದ್ದು. ಔಷಧಿ ಗಿಡಗಳ ಒಣಗಿಸಿದ ಮಾದರಿಗಳನ್ನು ಅಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ನಾನು ಗಿಡ ನೋಡುವುದನ್ನು ಕಲಿತದ್ದು ಅಲ್ಲೇ.

ಶಿರಸಿ ಕಡೆಯವಳು | ಭಾನುವಾರ, ಬೆಳಿಗ್ಗೆ 10:20

ಚಿಕ್ಕಮ್ಮ ಕೊಟ್ಟ ತೂಕದ ಮಾತ್ರೆಯಲ್ಲಿ ಗಾರ್ಸೀನಿಯಾ ಅಂತ ಬರೆದಿರಬೇಕು, ಅಲ್ವಾ? ಅದು ನಮ್ಮೂರ ಉಪ್ಪಾಗೆ.

ಮಳೆಗಾಲದಲ್ಲಿ ಕಾಡಿಗೆ ಹೋಗಿ ಹಳದಿ ಹಣ್ಣು ಹೆಕ್ಕಿ ತರುತ್ತಿದ್ದೆವು. ಸಿಪ್ಪೆ ಬಿಡಿಸಿ, ಬಿಸಿಲು ಇಲ್ಲದ್ದರಿಂದ ಬೆಂಕಿಯ ಮೇಲೆ ಒಣಗಿಸುತ್ತಿದ್ದೆವು. ಮನೆಯೆಲ್ಲ ಹುಳಿ ಹೊಗೆ. ಬೀಜದಿಂದ ತುಪ್ಪ ತೆಗೆಯುತ್ತಿದ್ದರು. ಸಾರಿಗೆ ಹುಳಿಯಾಗಿ ಎಷ್ಟೋ ಕಾಲದಿಂದ ತಿಂದಿದ್ದೇವೆ, ಯಾರಿಗೂ ಏನೂ ಆಗಿಲ್ಲ. ಒಂದು ಕಾಲದಲ್ಲಿ ವಿದೇಶಕ್ಕೆ ಹೋಗುತ್ತದೆ ಅಂತ ರೇಟ್ ಏರಿತು. ಹಣ್ಣಾಗುವ ಮೊದಲೇ ಕೊಂಬೆ ಸಮೇತ ಕಡಿದು ಒಯ್ಯುವವರು ಬಂದರು.

ಆ ಸಿಪ್ಪೆಯ ಹುಳಿಯನ್ನು ಗಟ್ಟಿ ಮಾಡಿ ಮಾತ್ರೆ ಮಾಡಿದರು. ತೂಕ ಇಳಿಯುತ್ತಾ ಅಂತ 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಪರೀಕ್ಷೆ ಮಾಡಿದರು. ಮಾತ್ರೆ ತಿಂದವರಿಗೂ ಸುಮ್ನೆ ಖಾಲಿ ಮಾತ್ರೆ ತಿಂದವರಿಗೂ ವ್ಯತ್ಯಾಸ ಕಾಣಲಿಲ್ಲ. ಲಿವರ್ ಕೆಟ್ಟ ವರದಿಗಳು ಮಾತ್ರ ಬಂದವು. ನಮ್ಮ ಕಾಡಿನ ಹಣ್ಣಿಗೆ ಕೆಟ್ಟ ಹೆಸರು ಬಂತಲ್ಲ ಅಂತ ನನಗೆ ಸಂಕಟ. ಮಾತ್ರೆ ಬಿಡಿಸಿ. ಹುಳಿ ಬೇಕಾದರೆ ಊರಿಂದ ನಾನೇ ತರಿಸಿಕೊಡುತ್ತೇನೆ.

ಲಾಲ್‌ಬಾಗ್ ವಾಕಿಂಗ್ | ಭಾನುವಾರ, ಬೆಳಿಗ್ಗೆ 11:00

ಬೆಳಿಗ್ಗೆ ಪಾರ್ಕ್ ಗೇಟ್ ಹೊರಗೆ ಹಾಗಲ, ಸೋರೆ, ಗರಿಕೆ ರಸ ಮಾರುತ್ತಾರೆ. ನಾನೂ ಎರಡು ವರ್ಷ ಕುಡಿದೆ. ಅದೂ ಇದೇ ಲೆಕ್ಕಕ್ಕೆ ಬರುತ್ತದಾ?

ಹಳೇ ಮೆಡಿಕಲ್ ಸ್ಟೋರ್ | ಭಾನುವಾರ, ಬೆಳಿಗ್ಗೆ 11:40

ಸೋರೆಕಾಯಿ ರಸ ಕಹಿ ಇದ್ದರೆ ಒಂದು ಗುಟುಕೂ ಕುಡಿಯಬೇಡಿ ಸರ್. ಕಹಿ ಸೋರೆಯಲ್ಲಿ ಕುಕುರ್ಬಿಟಾಸಿನ್ ಅನ್ನುವ ವಿಷ ಇರುತ್ತದೆ. ರಕ್ತವಾಂತಿ ಆಗಿ ಸತ್ತವರಿದ್ದಾರೆ. 2010ರಲ್ಲಿ ದೆಹಲಿಯ ಒಬ್ಬ ವಿಜ್ಞಾನಿ ತೀರಿಕೊಂಡ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಮಿತಿ ಮಾಡಿ, ಕಹಿ ಇದ್ದರೆ ಎಸೆಯಿರಿ, ಬೇರೆ ರಸದ ಜೊತೆ ಬೆರೆಸಬೇಡಿ ಅಂತ ತಿಳಿಸಿತು. ಗೇಟ್ ಹೊರಗೆ ಹಾಗಲದ ಜೊತೆ ಬೆರೆಸಿಯೇ ಕೊಡುತ್ತಾರೆ. ಆಗ ಯಾವುದರ ಕಹಿ ಅಂತ ಹೇಗೆ ಗೊತ್ತಾಗಬೇಕು?

ಲೇಬಲ್ ಬಗ್ಗೆಯೂ ಬರೆದುಬಿಡುತ್ತೇನೆ, ಅಂಗಡಿಯಲ್ಲಿ ಬಂದವರೆಲ್ಲ ಕೇಳುತ್ತಿದ್ದರು. ಒಂದೇ ಗಿಡ ಎರಡು ಕಾನೂನಿನಡಿ ಬರುತ್ತದೆ. ಆಯುರ್ವೇದ ಔಷಧಿ ಆದರೆ 1940ರ ಔಷಧಿ ಕಾನೂನಿನಡಿ ಆಯುಷ್ ಪರವಾನಗಿ ನಂಬರ್ ಇರುತ್ತದೆ. ಆಹಾರ ಪೂರಕ ಆದರೆ ಆಹಾರ ಸುರಕ್ಷತೆ ನೋಡುವ ಸರ್ಕಾರಿ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್ ಇರುತ್ತದೆ, ಔಷಧಿಯಾಗಿ ಬಳಸಲು ಅಲ್ಲ ಅಂತಲೂ ಬರೆದಿರಬೇಕು. ಆ 14 ಅಂಕಿ ಇದೆ ಅಂದರೆ ಸರ್ಕಾರ ಕಾಯಿಲೆ ವಾಸಿಯಾಗುತ್ತದೆ ಅಂತ ನೋಡಿ ಒಪ್ಪಿದೆ ಎಂದಲ್ಲ. ಎರಡರಲ್ಲಿ ಯಾವ ನಂಬರೂ ಇಲ್ಲದಿದ್ದರೆ ಮುಟ್ಟಬೇಡಿ. "ಶುಗರ್ ಬೇರುಸಹಿತ ವಾಸಿ", "ಕ್ಯಾನ್ಸರ್ ಮಾಯ" ಅಂತ ಜಾಹೀರಾತು ಕೊಡುವುದೇ 1954ರ ಕಾಯಿದೆ ಪ್ರಕಾರ ಅಪರಾಧ. ಅಂಥವರು ಕಾನೂನು ಮುರಿದೇ ವ್ಯಾಪಾರ ಶುರು ಮಾಡಿದ್ದಾರೆ, ಬಾಟಲಿಯೊಳಗೆ ಪ್ರಾಮಾಣಿಕವಾಗಿ ಇರುತ್ತಾರಾ?

ತೊಂದರೆ ಆದರೆ ಬಾಟಲಿ ಎತ್ತಿಡಿ. ಔಷಧಿಯ ಅಡ್ಡಪರಿಣಾಮ ದಾಖಲಿಸುವ ಸಹಾಯವಾಣಿ 1800-180-3024ಕ್ಕೆ ಫೋನ್ ಮಾಡಿ ವರದಿ ಮಾಡಬಹುದು, ದುಡ್ಡು ಇಲ್ಲ.

ವಿಜಯನಗರದ ವೈದ್ಯೆ | ಭಾನುವಾರ, ಮಧ್ಯಾಹ್ನ 12:30

ಅಮೃತಬಳ್ಳಿ ಉಳಿದುಹೋಯಿತು. 2020ರ ಕೊನೆಯಲ್ಲಿ ಮುಂಬೈ ವೈದ್ಯರು ಅದನ್ನು ತಿಂದು ಲಿವರ್ ಊದಿದ 6 ಜನರನ್ನು ನೋಡಿದರು. ಆಮೇಲೆ ಬೇರೆ ಬೇರೆ ಊರಿನ 13 ಆಸ್ಪತ್ರೆಗಳಿಂದ 43 ಜನರ ವಿವರ ಬಂತು. ಆಯುಷ್ ಸಚಿವಾಲಯ, ಅದು ಅಮೃತಬಳ್ಳಿಯನ್ನೇ ಹೋಲುವ ಬೇರೆ ಬಳ್ಳಿ ಇರಬಹುದು ಅಂತ ಹೇಳಿತು. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಅದು ರೋಗನಿರೋಧಕ ಶಕ್ತಿಯನ್ನು ಕೆರಳಿಸುವ ಬಳ್ಳಿ. ಥೈರಾಯ್ಡ್ ಇರುವ ಹೆಂಗಸರಲ್ಲಿ ಎಷ್ಟೋ ಜನರಿಗೆ ಮೂಲ ತೊಂದರೆಯೇ ಆ ಶಕ್ತಿ ಸ್ವಂತ ಮೈ ಮೇಲೆ ತಿರುಗಿಬಿದ್ದದ್ದು. ಅಂಥವರು ಜ್ವರ ಇಲ್ಲದೆ, ಕಾರಣ ಇಲ್ಲದೆ ವರ್ಷಗಟ್ಟಲೆ ಕುಡಿಯಬಾರದು. ಅಮ್ಮನಿಗೆ ನಿಲ್ಲಿಸಿ. ಕಣ್ಣು ಹಳದಿ, ಮೂತ್ರ ಗಾಢ ಬಣ್ಣ, ಮೈ ತುರಿಕೆ ಕಂಡರೆ ಕಾಯಬೇಡಿ.

ಯಾರಲ್ಲಿ ಕೇಳುವುದು ಅಂತ ಗೊತ್ತಿಲ್ಲದವರು ಮೆಜೆಸ್ಟಿಕ್ ಹತ್ತಿರ ಧನ್ವಂತರಿ ರಸ್ತೆಯ ಸರ್ಕಾರಿ ಆಯುರ್ವೇದ ಆಸ್ಪತ್ರೆಗೆ ಹೋಗಿ. ನಿಮ್ಮ ಇಂಗ್ಲಿಷ್ ಮಾತ್ರೆಗಳ ಚೀಟಿಯನ್ನೂ ಅಲ್ಲಿ ತೋರಿಸಿ. ಅವರಿಗೂ ಅದು ಗೊತ್ತಿರಬೇಕು.

ಗಿರಿನಗರ ರಾಯರು | ಭಾನುವಾರ, ಮಧ್ಯಾಹ್ನ 1:10

ಮೇಡಂ, ನನ್ನ ಹೆಂಡತಿಗೂ ಥೈರಾಯ್ಡ್ ಇದೆ. ನಮ್ಮ ಮನೆ ಬಳ್ಳಿಯ ಕಷಾಯ ದಿನಾ ಕುಡಿಯುತ್ತಾಳೆ, ನಾನೇ ಮಾಡಿಕೊಡುವುದು. ನಾಳೆ ಲಿವರ್ ಪರೀಕ್ಷೆ ಮಾಡಿಸುತ್ತೇನೆ. ಹೇಳಿದ್ದಕ್ಕೆ ಧನ್ಯವಾದ.

ರಾಜಾಜಿನಗರದ ಮಗಳು | ಮೂರು ವಾರದ ನಂತರ, ಶನಿವಾರ, ಸಂಜೆ 4:30

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ಅಮ್ಮನ ಬೆಳಗಿನ ಕಾರ್ಟಿಸಾಲ್ ತುಂಬ ಕಡಿಮೆ ಇತ್ತು. ಡಾಕ್ಟರ್ ಪುಡಿ ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಒಮ್ಮೆಲೇ ನಿಲ್ಲಿಸದೆ ತಂದಿರಲ್ಲ, ಒಳ್ಳೆಯದು ಮಾಡಿದಿರಿ" ಅಂದರು. ಆ ಮಾತು ನಿಮಗೆ ಸೇರಬೇಕು, ಮೆಡಿಕಲ್ ಸ್ಟೋರ್ ಸರ್. ಈಗ ಪ್ರೆಡ್ನಿಸೊಲೋನ್ ಮಾತ್ರೆ ಕೊಟ್ಟು ಕಡಿಮೆ ಮಾಡುತ್ತಿದ್ದಾರೆ. ಇನ್ನೂ ಕೆಲವು ತಿಂಗಳು ಬೇಕಂತೆ. ಜ್ವರ ಬಂದರೆ ತಕ್ಷಣ ಫೋನ್ ಮಾಡಬೇಕು ಅಂತ ಚೀಟಿ ಬರೆದುಕೊಟ್ಟಿದ್ದಾರೆ, ಫ್ರಿಜ್ ಮೇಲೆ ಅಂಟಿಸಿದ್ದೇನೆ.

ವೈದ್ಯೆ ಮೇಡಂ ಹೇಳಿದ ಹಾಗೆಯೇ ಹತ್ತನೇ ದಿನ ಶುಗರ್ 62ಕ್ಕೆ ಬಿತ್ತು. ದಿನಾ ನೋಡುತ್ತಿದ್ದರಿಂದ ಗೊತ್ತಾಯಿತು. ಗ್ಲಿಮೆಪಿರೈಡ್ ಅರ್ಧಕ್ಕೆ ಇಳಿಸಿದರು. ಹೊಟ್ಟೆ ಚೂರ್ಣದಲ್ಲಿ ಸೋನಾಮುಖಿಯೇ ಇತ್ತು. ಈಗ ಡಬ್ಬಿಯಲ್ಲಿ ತ್ರಿಫಲ, ಇಸಬಗೋಲು ಎರಡೇ. ಡಾಕ್ಟರ್ ಚೀಟಿಯಲ್ಲಿ ಅವೆರಡರ ಹೆಸರೂ ಬರೆಸಿದ್ದೇನೆ.

ಮಂಡಿ ನೋವು ವಾಪಸ್ ಬಂದಿದೆ. ಅದೇ ಕಷ್ಟ. ಅಮ್ಮ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. "ನಡೀತಾ ಇದ್ದೆ, ಕೂರಿಸಿಬಿಟ್ಟೆ" ಅಂದರು. ಈಗ ಫಿಸಿಯೋ ಹೇಳಿದ ತೊಡೆಯ ವ್ಯಾಯಾಮ ಮಾಡುತ್ತಿದ್ದಾರೆ. ನೆಲದ ಮೇಲೆ ಕೂತು ತರಕಾರಿ ಹೆಚ್ಚುವುದನ್ನು ಬಿಟ್ಟು ಎತ್ತರದ ಸ್ಟೂಲ್ ತಂದಿದ್ದೇವೆ. ಶಿರಸಿ ಅಕ್ಕ, ನಿಮ್ಮ ಉಪ್ಪಾಗೆ ಹುಳಿಯ ಸಾರು ಅವರಿಗೆ ತುಂಬ ಇಷ್ಟವಾಯಿತು.

ಪುಡಿಯ ಅರ್ಧ ಭಾಗ ಪರೀಕ್ಷೆಗೆ ಕೊಟ್ಟಿದ್ದೇನೆ. ಅರ್ಧ ಮನೆಯಲ್ಲೇ ಬೀಗ ಹಾಕಿ ಇಟ್ಟಿದ್ದೇನೆ. ಆ ಮನುಷ್ಯ ಆಮೇಲೆ ದೇವಸ್ಥಾನದ ಕಡೆ ಕಾಣಿಸಿಲ್ಲ.

ನಿನ್ನೆ ಅಮ್ಮ ತಾವಾಗಿಯೇ ಒಂದು ಕಾಗದ ಕೊಟ್ಟರು. ಅವರ ಜೊತೆ ಪುಡಿ ಕೊಂಡವರ ಹೆಸರು, ಆರು ಜನ. "ಹೋಗಿ ಹೇಳು, ಒಮ್ಮೆಲೇ ನಿಲ್ಲಿಸಬೇಡಿ ಅಂತಾನೂ ಹೇಳು" ಅಂದರು. ಬೆಳಿಗ್ಗೆಯಿಂದ ನಾಲ್ಕು ಮನೆ ಆಯಿತು. ಒಬ್ಬರ ಮುಖ ಅಮ್ಮನದಕ್ಕಿಂತ ಜಾಸ್ತಿ ಊದಿದೆ, ಸೋಮವಾರ ಅವರನ್ನು ನಾನೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಇನ್ನೂ ಎರಡು ಮನೆ ಬಾಕಿ. ಈಗ ಹೊರಟೆ.